ಸೊರಬದಲ್ಲಿ ಬಿಚ್ಚಿದ ತೇರು

ಶಿವಮೊಗ್ಗದಿಂದ ಶಿಕಾರಿಪುರ ಸುಮಾರು 50 ಕಿಲೋಮೀಟರ್. ಅಲ್ಲಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗೋ ರಸ್ತೆಯಲ್ಲಿ ಜೋಳದ ಹೊಲ ಕಡಿಮೆಯಾಗಿ ಅಡಿಕೆ ತೋಟ ಜಾಸ್ತಿಯಾಗುತ್ತೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗೋ ಜಾಗ ಇದು. ಜೋಗಕ್ಕೆ ಹೋಗೋ ಅವಸರದಲ್ಲಿ ಹೆಚ್ಚಿನವರು ಈ ಕಡೆ ತಿರುಗಿಯೂ ನೋಡಲ್ಲ. ನಾನು ಹೋಗಿದ್ದು ಸುತ್ತಾಡೋಕಲ್ಲ, ಒಂದು ರಿಪೇರಿಗೆ.

ರಿಪೇರಿಯಾಗಬೇಕಿದ್ದದ್ದು ಒಂದೂವರೆ ಅಡಿ ಎತ್ತರದ ಮರದ ತೇರು. ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರು ನೋಡಿ ಬಂದ ಅಜ್ಜ, ಶಿವನಿ ಮರದಲ್ಲಿ ಮಾಡಿಸಿದ್ದು. ಮೇಲಿನ ಗೋಪುರಕ್ಕೆ, ನಡುಗಂಬಕ್ಕೆ ಅಂಗಡಿಯ ಎನಾಮಲ್ ಬಣ್ಣ. ಕೆಳಗಿನ ಗಡ್ಡೆಯ ಮೇಲೆ ಮಾತ್ರ ಅಜ್ಜಿ ಬರೆದ ಹಸೆ ಚಿತ್ತಾರ. ಸಾಗರ, ಸೊರಬದ ಕಡೆಯ ದೀವರ ಮನೆಗಳ ಗೋಡೆಯಲ್ಲಿ ಕಾಣುತ್ತಲ್ಲ, ಅದೇ ಗೆರೆಗಳು. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದ್ರೆ ಪುಂಡಿ ನಾರು. ಅಜ್ಜಿ ಹೋಗಿ ಆರು ವರ್ಷ ಆಯ್ತು. ಹಳೇ ಮನೆಯ ಗೋಡೆ ಕೆಡವಿದ ಮೇಲೆ ಅವರ ಕೈಬರಹ ಉಳಿದಿದ್ದು ಈ ಗಡ್ಡೆಯ ಮೇಲೆ ಮಾತ್ರ.

ಮನೆ ಬದಲಾಯಿಸುವಾಗ ನಡುಗಂಬ ಕಿತ್ತು ಬಂದಿತ್ತು. ಒಂದು ಫರ್ನಿಚರ್ ಅಂಗಡಿಯವರು ಅಂಟು ಸುರಿದು ಕೂರಿಸಿಕೊಟ್ಟರು. ಕಂಬ ವಾಲಿಕೊಂಡೇ ಗಟ್ಟಿಯಾಯ್ತು. ಗೋಪುರದ ಹತ್ತಿರ ಬರುವಷ್ಟರಲ್ಲಿ ಆ ಓರೆ ಎರಡು ಬೆರಳಷ್ಟು. ಬೆಂಗಳೂರಲ್ಲಿ ಕೇಳಿದ ಕಡೆಯೆಲ್ಲಾ ಒಂದೇ ಉತ್ತರ: "ಬಿಸಿನೀರಲ್ಲಿ ನೆನೆಸಿ, ಬಿಚ್ಚಿಕೊಳ್ಳುತ್ತೆ." ಅಂಟಿನ ಮಟ್ಟಿಗೆ ಅದು ಸರಿಯೇ. ಆದ್ರೆ ನೀರು ತಾಗಿದ್ರೆ ಕೆಮ್ಮಣ್ಣು ಉಳಿಯುತ್ತಾ? "ಸೊರಬದ ಗುಡಿಗಾರರಿಗೆ ತೋರಿಸು" ಅಂದಿದ್ದು ಅತ್ತೆ. ಅವರೂ ಜೊತೆಗೆ ಹೊರಟರು.

ದಾರಿಯಲ್ಲಿ ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿಯಲ್ಲಿ ಇಳಿದೆವು. ಅಲ್ಲಮಪ್ರಭುವಿನ ಊರು. ಕೇದಾರೇಶ್ವರ ದೇವಸ್ಥಾನ ಮೂರು ಗರ್ಭಗುಡಿಯ ತ್ರಿಕೂಟ. ಅಂಥ ಕಲ್ಲಿನ ಗುಡಿಗಳಲ್ಲಿ ಗಾರೆಯ ಅಂಟಿಲ್ಲ. ಕಲ್ಲಿನ ಭಾರ, ಒಂದಕ್ಕೊಂದು ಕೂರುವ ಕುಳಿ, ಇಷ್ಟೇ. ಅದಕ್ಕೇ ಅಂಥವನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಕೆಆರ್‌ಎಸ್ ಹಿನ್ನೀರಲ್ಲಿ ಮುಳುಗುತ್ತಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲುಕಲ್ಲಾಗಿ ಬಿಚ್ಚಿ, ಬೇರೆ ಕಡೆ ಜೋಡಿಸಿದ್ದು ಹಾಗೇ. ಪಕ್ಕದ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿ ಎದುರಿನ ಕಂಬಶಾಸನ ನೋಡದೆ ಬರಬೇಡಿ. ಕದಂಬರ ಮಯೂರಶರ್ಮನ ಕತೆ ಹೇಳೋ ಶಾಸನ ಅದು.

ಸೊರಬ ದಂಡಾವತಿ ನದಿಯ ದಡದ ಸಣ್ಣ ಪೇಟೆ. ಗುಡಿಗಾರರ ಗಂಧದ ಕೆತ್ತನೆಗೆ ಇದು ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೇ ಹೆಸರಾದ ಊರು. ಮದುವೆಯ ಬೆಂಡಿನ ಬಾಸಿಂಗ ಮಾಡೋರೂ ಇವರೇ. ನಾವು ಹೋದ ಮನೆಯ ಹಿರಿಯರು ತೇರನ್ನು ಹತ್ತು ನಿಮಿಷ ಸುಮ್ಮನೆ ತಿರುಗಿಸಿ ನೋಡಿದರು. "ಅಂಟು ಗಟ್ಟಿ ಇದ್ರೆ ಕಷ್ಟ ಅಲ್ಲ ತಮ್ಮಾ. ಯಾವ ಅಂಟು ಅಂತ ಗೊತ್ತಿಲ್ದೇ ಕೈ ಹಾಕಿದ್ರೆ ಕಷ್ಟ" ಅಂದರು.

ಮೊದಲು ಪರೀಕ್ಷೆ. ಗಡ್ಡೆಯ ತಳಕ್ಕೆ ಸೋರಿ ಒಣಗಿದ್ದ ಒಂದು ಹನಿ ಅಂಟಿನ ಮೇಲೆ ಒದ್ದೆ ಹತ್ತಿ ಇಟ್ಟರು. ಸ್ವಲ್ಪ ಹೊತ್ತಿಗೆ ಅದು ಬೆಳ್ಳಗಾಗಿ ಮೆತ್ತಗಾಯ್ತು. ಹಾಗಾದ್ರೆ ಫೆವಿಕಾಲ್ ಜಾತಿಯ ಬಿಳಿ ಅಂಟು. ಅದು ಬಿಸಿಗೆ, ನೀರಿಗೆ, ವಿನೆಗರ್‌ಗೆ ಸಡಿಲ ಆಗುತ್ತೆ. ಎರಡು ಟ್ಯೂಬ್ ಬೆರೆಸಿ ಹಚ್ಚೋ ಅಂಟಾಗಿದ್ರೆ ನೀರಿಗೆ ಜಗ್ಗೋದಿಲ್ಲ. ಸೂಪರ್ ಗ್ಲೂ ಆಗಿದ್ರೆ ಅಸಿಟೋನ್ ಬೇಕು, ಅದು ಎನಾಮಲ್ ಬಣ್ಣವನ್ನೇ ತಿಂದುಹಾಕುತ್ತೆ.

ಆಮೇಲೆ ತೆಳು ಬ್ಲೇಡಿನಿಂದ ಕಂಬದ ಬುಡದ ಸುತ್ತ ಬಣ್ಣ ಕೊಯ್ದರು. ಜೋಡಣೆಯ ಮೇಲೆ ಬಣ್ಣ ಒಂದೇ ಹಾಳೆಯ ಹಾಗೆ ಹರಡಿರುತ್ತೆ. ಕೊಯ್ಯದೇ ಎಳೆದ್ರೆ ಅಕ್ಕಪಕ್ಕದ ಚಿತ್ತಾರವನ್ನೂ ಎಬ್ಬಿಸಿಕೊಂಡು ಬರುತ್ತೆ. ಮೇಲಿನಿಂದ ಒಂದು ಹನಿಯನ್ನೂ ಹಾಕಲಿಲ್ಲ. ಗಡ್ಡೆಯ ತಳದಿಂದ ಕುಳಿಯವರೆಗೆ ಸಣ್ಣ ತೂತು ಕೊರೆದು, ಸಿರಿಂಜಿನಲ್ಲಿ ಬೆಚ್ಚಗಿನ ವಿನೆಗರ್ ಬಿಟ್ಟರು. ಒಂದು ಸಲಕ್ಕೆ ಎರಡೇ ಹನಿ, ಆಮೇಲೆ ಅರ್ಧ ಗಂಟೆ ಕಾಯೋದು. ಹೊರಗೆ ಒಸರಿದ್ದನ್ನು ಹೀರಲಿ ಅಂತ ಬುಡಕ್ಕೆ ಹತ್ತಿಯ ದಾರ ಸುತ್ತಿದ್ದರು. ನಡುನಡುವೆ ಹೇರ್ ಡ್ರೈಯರ್‌ನ ಬಿಸಿ ಗಾಳಿ, ಬಣ್ಣದ ಮೇಲೆ ಬೆರಳಿಟ್ಟು ತಾಳುವಷ್ಟೇ. ಸುತ್ತಿಗೆ ಮುಟ್ಟಲೇ ಇಲ್ಲ.

ಅವತ್ತು ಕಂಬ ಅಲುಗಲಿಲ್ಲ. ರಾತ್ರಿ ಸೊರಬದಲ್ಲೇ ಉಳಿದೆವು. ಮಾರನೇ ದಿನ ಮಧ್ಯಾಹ್ನ ಸಣ್ಣಗೆ ಕಿರ್ರ್ ಅಂತು. ಆ ಕಡೆ ಈ ಕಡೆ ಕೂದಲೆಳೆಯಷ್ಟು ಆಡಿಸುತ್ತಾ ಆಡಿಸುತ್ತಾ ಮೇಲೆ ತೆಗೆದರು. ಓರೆಯ ಕಾರಣ ಕುಳಿಯ ತಳದಲ್ಲಿತ್ತು: ಒಂದು ಮೂಲೆಯಲ್ಲಿ ಅಂಟಿನ ಗಡ್ಡೆ. ಜಾಸ್ತಿ ಸುರಿದ ಅಂಟಿಗೆ ಹೊರಗೆ ಬರೋ ದಾರಿ ಇಲ್ಲದೆ ಕಂಬವನ್ನೇ ಪಕ್ಕಕ್ಕೆ ನೂಕಿತ್ತು. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯಲ್ಲ ಅಂತ ಎಲ್ಲವನ್ನೂ ಕೆರೆದು ಮರ ಕಾಣಿಸಿದರು. ದಾರದ ತೂಕ ಬಿಟ್ಟು ಕಂಬದ ನೇರ ನೋಡಿದರು.

ಚಿತ್ತಾರ ಪೂರ್ತಿ ಉಳಿಯಿತಾ? ಇಲ್ಲ. ಬುಡದ ಹತ್ತಿರ ಉಗುರಗಲದ ಬಿಳಿ ಗೆರೆ, ಅದರ ಕೆಳಗಿನ ಕೆಂಪು, ಎರಡೂ ಎದ್ದು ಹೋದವು. "ತುಂಬಿ ಕೊಡ್ಲಾ ತಂಗೀ?" ಅಂತ ಅವರು ಅತ್ತೆಯನ್ನು ಕೇಳಿದರು. ಅತ್ತೆಗೂ ಚಿತ್ತಾರ ಬರೆಯೋಕೆ ಬರುತ್ತೆ, ಅವ್ವನಿಂದಲೇ ಕಲಿತದ್ದು. ಸ್ವಲ್ಪ ಹೊತ್ತು ನೋಡಿ, "ಬ್ಯಾಡ ಅಣ್ಣಾ. ಅಲ್ಲಿ ನನ್ ಕೈ ಕಾಣೋದು ಬ್ಯಾಡ. ಹಂಗೇ ಇರ್ಲಿ" ಅಂದರು. ನನಗೆ ಆ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತಿತ್ತು, ಆದ್ರೂ ಮಾತಾಡಲಿಲ್ಲ.

ಈ ಸಲ ಕಂಬಕ್ಕೆ ಅಂಟೇ ಹಾಕಲಿಲ್ಲ. ಅಡ್ಡಲಾಗಿ ಒಂದು ಬಿದಿರಿನ ಮೊಳೆ, ಅಷ್ಟೇ. "ಮುಂದೆ ಯಾರಾದ್ರೂ ಬಿಚ್ಚಬೇಕಾದ್ರೆ ಇದನ್ನ ತಳ್ಳಿದ್ರೆ ಸಾಕು" ಅಂದರು. ಎರಡು ದಿನದ ಕೆಲಸಕ್ಕೆ ಅವರು ಕೇಳಿದ ದುಡ್ಡು ನಮ್ಮ ವೀಕೆಂಡ್ ಊಟದ ಬಿಲ್ಲಿಗಿಂತ ಕಡಿಮೆ. ಅತ್ತೆ ಒತ್ತಾಯ ಮಾಡಿ ಜಾಸ್ತಿ ಕೊಟ್ಟರು.

ನಿಮ್ಮ ಮನೆಯಲ್ಲೂ ಹೀಗೆ ಓರೆಯಾಗಿ ಅಂಟಿಕೊಂಡ ಹಳೇ ಸಾಮಾನಿದ್ದರೆ, ಬಿಸಿನೀರಿಗೆ ಹಾಕೋ ಮುಂಚೆ ಎರಡು ವಿಷಯ ತಿಳ್ಕೊಳ್ಳಿ: ಯಾವ ಅಂಟು, ಯಾವ ಬಣ್ಣ. ಸೊರಬಕ್ಕೆ ಹೋದ್ರೆ ಎರಡು ದಿನ ಇಟ್ಟುಕೊಳ್ಳಿ. ಗುಡವಿ ಪಕ್ಷಿಧಾಮ, ಚಂದ್ರಗುತ್ತಿ ರೇಣುಕಾಂಬೆ, ಕೋಟಿಪುರದ ಕೈಟಭೇಶ್ವರ ಎಲ್ಲವೂ ಇದೇ ತಾಲ್ಲೂಕಿನಲ್ಲಿವೆ. ಗುಡಿಗಾರರ ಮನೆ ಎಲ್ಲಿ ಅಂತ ಪೇಟೆಯಲ್ಲಿ ಕೇಳಿದ್ರೆ ದಾರಿ ತೋರಿಸ್ತಾರೆ.