ಹಳೆಯ ಜೀಪಿನ ತೈಲವ್ಯಯ

1941ರಲ್ಲಿ ಅಮೆರಿಕೆಯ ಸೈನ್ಯಕ್ಕೆಂದು ಸಿದ್ಧವಾದ ವಿಲ್ಲೀಸ್ ಜೀಪು ಯುದ್ಧಾನಂತರ ಅಲ್ಲಿಯ ರೈತರ ಪಾಲಿಗೂ ಬಂದಿತು. ಪೆಟ್ಟಿಗೆಯಂಥ ಮೈಯಿಂದ ಗಾಳಿಯನ್ನು ನೂಕುತ್ತ ಸಾಗುವ ಈ ವಾಹನವು ಮಿತಾಹಾರಿಯಲ್ಲವೆಂಬುದು ಸರ್ವವಿದಿತ. ಸಮತಲವಾದ ಮಾರ್ಗದಲ್ಲಿ ಚಾಲಕನು ಮುಂದಿನ ಚಕ್ರಗಳಿಗೆ ಹೋಗುವ ಬಲವನ್ನು ಸನ್ನೆಗೋಲಿನಿಂದ ತಪ್ಪಿಸಿದರೂ, ಉರುಳುವ ಆ ಚಕ್ರಗಳೇ ತಮ್ಮ ಅಚ್ಚುಗಳನ್ನೂ ಹಲ್ಲುಗಾಲಿಗಳನ್ನೂ ಬರಿದೆ ತಿರುಗಿಸುತ್ತಿದ್ದುವು. ದುಡಿಯದೆ ಉಣ್ಣುವ ದಾಯಾದಿಯಂತೆ ಇದೂ ಒಂದು ವ್ಯಯವೇ ಸರಿ.

1948ರಲ್ಲಿ ಆರ್ಥರ್ ವಾರ್ನ್ ಎಂಬಾತನು ಚಕ್ರನಾಭಿಯನ್ನೇ ಅಚ್ಚಿನಿಂದ ಬಿಡಿಸಿಡುವ ಬೀಗವನ್ನು ಪ್ರಚಾರಕ್ಕೆ ತಂದನು. ತೈಲದ ಉಳಿತಾಯ ಅಲ್ಪವೇ; ಹಲ್ಲುಗಾಲಿಗಳ ಸವೆತ ತಗ್ಗಿದುದನ್ನೇ ಹೆಚ್ಚಿನ ಲಾಭವೆನ್ನಬೇಕು. ಆದರೆ ಕೆಸರಿಗಿಳಿಯುವ ಮುನ್ನ ಕೆಳಗಿಳಿದು ಬೀಗವನ್ನು ಕೈಯಿಂದ ಕೂಡಿಸಲು ಮರೆತವನು ಸನ್ನೆಗೋಲನ್ನು ಎಷ್ಟು ಎಳೆದರೂ ಮುಂದಿನ ಚಕ್ರಗಳಿಗೆ ಬಲ ದೊರೆಯದು. ಹಿಂದಿನವು ತಿರುಗಿ ತಿರುಗಿ ಹೂತುಹೋಗುವುವು.