ಬೆಲ್ಲನ ಪೊರೆ

ಶಿಕಾಗೋದಲ್ಲಿ ಡಿಸೆಂಬರ್ ಬಂತು ಅಂದ್ರೆ ನನ್ನ ಕೈ ಚರ್ಮ ಬಿರಿಯುತ್ತೆ, ಬೆಲ್ಲನ ಪೊರೆ ಸಿಕ್ಕಿಕೊಳ್ಳುತ್ತೆ. ಎರಡಕ್ಕೂ ಕಾರಣ ಒಂದೇ: ಹೀಟರು. ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಿನಂಶ ಮೊದಲೇ ಕಮ್ಮಿ. ಅದನ್ನೇ ಒಳಗೆ ಬಿಸಿ ಮಾಡಿದರೆ ಮನೆಯೆಲ್ಲ ಒಣ ಒಣ.

ಬೆಲ್ಲ ಅಂದ್ರೆ ನನ್ನ ಲೆಪರ್ಡ್ ಗೆಕ್ಕೊ. ರೂಮ್‌ಮೇಟ್ ಊರು ಬಿಡುವಾಗ ಗಾಜಿನ ತೊಟ್ಟಿ ಸಮೇತ ನನಗೊಪ್ಪಿಸಿ ಹೋದ. ‘ಹಲ್ಲಿನ ಓಡಿಸ್ತಾರೆ ಕಣೋ, ಸಾಕ್ತಾರಾ ಯಾರಾದ್ರೂ?’ ಅಂತ ಅಮ್ಮ ವಿಡಿಯೊ ಕಾಲ್‌ನಲ್ಲಿ ನಕ್ಕಳು. ನಮ್ಮ ಗೋಡೆ ಹಲ್ಲಿಗೆ ರೆಪ್ಪೆ ಇಲ್ಲ; ಇದು ಕಣ್ಣು ಮಿಟುಕಿಸುತ್ತೆ, ಅಷ್ಟಕ್ಕೇ ನಾನು ಸೋತೆ. ಬಂದಾಗಲೇ ಅದಕ್ಕೆ 2 ಬೆರಳು ಇರಲಿಲ್ಲ.

ಬೆರಳು ಹೋಗೋದು ಹೀಗೆ. ಹಳೆ ಚರ್ಮದಡಿ ಹೊಸದು ಬೆಳೆದು, ನಡುವೆ ದ್ರವ ತುಂಬಿ ಎರಡೂ ಬೇರೆಯಾಗಬೇಕು. ಒಣಹವೆಯಲ್ಲಿ ಅದು ಸರಿಯಾಗಿ ಆಗಲ್ಲ. ಬೆರಳ ತುದಿಯಲ್ಲಿ ಉಳಿದ ಚೂರು ಒಣಗಿ, ದಾರ ಕಟ್ಟಿದ ಹಾಗೆ ಬಿಗಿದು, ರಕ್ತ ನಿಲ್ಲಿಸುತ್ತೆ.

‘ಇದು ಒಣನಾಡಿನ ಪ್ರಾಣಿ ಅಲ್ವಾ, ತೇವ ಯಾಕೆ?’ ಅನ್ನಬಹುದು. ಪಾಕಿಸ್ತಾನ, ಅಫ್ಘಾನಿಸ್ತಾನದ ಕಲ್ಲುನೆಲದಲ್ಲಿ ಇದು ಹಗಲೆಲ್ಲ ಬಿಲ, ಕಲ್ಲುಸಂದಿಯಲ್ಲೇ ಇರುತ್ತೆ. ಅಲ್ಲಿ ಹೊರಗಿಗಿಂತ ತೇವ ಜಾಸ್ತಿ. ಹಾಗಾಗಿ ಬೆಲ್ಲನಿಗೂ ಒಂದು ಬಿಲ: ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತೂತು, ಒಳಗೆ ಒದ್ದೆ ಪಾಚಿ.

ತೇವ ಒಂದೇ ಸಾಲದು. ತೊಟ್ಟಿಯ ಒಂದು ಬದಿ ಬೆಚ್ಚಗಿರಬೇಕು, ಮೈ ಉಜ್ಜಲು ಒರಟು ಕಲ್ಲು ಬೇಕು. ವಿಟಮಿನ್ ಎ ಕೊರತೆಯಾದರೂ ಪೊರೆ ಕೆಡುತ್ತೆ. ಮರಿಗಳು ಬೇಗ ಬೆಳೆಯೋದರಿಂದ ಪದೇ ಪದೇ ಕಳಚುತ್ತವೆ, ದೊಡ್ಡವು ಅಪರೂಪಕ್ಕೆ. ಹಾವು ಕಾಲುಚೀಲ ತಿರುವಿ ತೆಗೆದ ಹಾಗೆ ಇಡೀ ಪೊರೆ ಬಿಟ್ಟು ಹೋಗುತ್ತಲ್ಲ, ಇದು ಹಾಗಲ್ಲ. ಕಿತ್ತು ಕಿತ್ತು ತಿಂದುಬಿಡುತ್ತೆ. ಪೂರ್ತಿ ಸಾಕ್ಷ್ಯನಾಶ! ಪೊರೆ ಬಿಟ್ಟಿದೆಯಾ ಅಂತ ತಿಳಿಯಲು ಬೆರಳನ್ನೇ ನೋಡಬೇಕು.

ಈ ಜನವರಿ ಟಾರ್ಚ್ ಹಾಕಿ ನೋಡಿದರೆ ಮುಂಗಾಲಿನ 3 ಬೆರಳಲ್ಲಿ ಬಿಳಿ ಉಂಗುರ. ಎಳೆಯುವಂತಿಲ್ಲ, ಹೊಸ ಚರ್ಮವೂ ಕಿತ್ತು ಬರಬಹುದು. ಉಗುರು ಬೆಚ್ಚಗಿನ ನೀರನ್ನು ತಟ್ಟೆಗೆ ಹಾಕಿ, ಪಾದ ಮುಳುಗುವಷ್ಟೇ, 15 ನಿಮಿಷ ನಿಲ್ಲಿಸಿದೆ. ಒದ್ದೆ ಹತ್ತಿಕಡ್ಡಿಯಲ್ಲಿ ಮೆಲ್ಲಗೆ ಉರುಳಿಸಿದಾಗ 2 ಬಂದವು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಬೆರಳು ಊದಿದರೆ ಸರೀಸೃಪ ನೋಡುವ ಡಾಕ್ಟರ ಬಳಿ ಓಡಬೇಕು ಅಂತ ನಂಬರ್ ತೆಗೆದಿಟ್ಟುಕೊಂಡೇ ಮಲಗಿದೆ. ಮಾರನೇ ದಿನ ಆಫೀಸ್ ಮೀಟಿಂಗ್ ಮ್ಯೂಟ್ ಮಾಡಿ ಮತ್ತೆ ಪಾದಸ್ನಾನ. ಆಗ ಬಂತು, ಸಾಸಿವೆ ಸಿಪ್ಪೆಯಷ್ಟು ಚೂರು.

ಒಟ್ಟು 18 ಬೆರಳು. ಎಣಿಸಿದೆ. ಆಮೇಲೆ ಅನ್‌ಮ್ಯೂಟ್ ಮಾಡಿದೆ.