ನೆರಳಿಗೆ ತುಸು ನೀಲಿ

ಬಣ್ಣದ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ, ಬೆಳಕೊಂದನ್ನು ಬಿಟ್ಟು. ಲೆಮನ್ ಯೆಲ್ಲೋ ಇದೆ, ಗ್ಯಾಂಬೋಜ್ ಎಂಬ ಹಳದಿ ಇದೆ, ಕಿತ್ತಳೆಯಲ್ಲಿ ಹಲವು ಬಗೆ, ಬಿಳಿಯಲ್ಲೂ ಎರಡು ಮೂರು ಬಗೆ. ಇವನ್ನೆಲ್ಲ ಕೊಂಡು ತಂದು ಸಂಜೆಬಿಸಿಲನ್ನು ಬರೆಯಲು ಕೂತವರಿಗೆ ಮುಂದಿನ ಕಥೆ ಗೊತ್ತು. ಹಳದಿ ಹಚ್ಚಿದಷ್ಟೂ ಕಾಗದ ಹಳದಿಯಾಗುತ್ತದೆ, ಬಿಸಿಲು ಮಾತ್ರ ಬರುವುದಿಲ್ಲ. ಬಿಳಿ ಬೆರೆಸಿದರೆ ಇದ್ದ ಹುರುಪೂ ಹೋಗಿ ಬಣ್ಣ ಮಂಕಾಗುತ್ತದೆ.

ನಮಗೆ ಚಿತ್ರ ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಮಿತಭಾಷಿ. ಬೆನ್ನ ಹಿಂದೆ ಬಂದು ನಿಂತು, ಸಾಕಷ್ಟು ಹೊತ್ತು ನೋಡಿ, "ಬಿಸಿಲಿನ ತಂಟೆಗೆ ಹೋಗಬೇಡ ಕಣಯ್ಯ, ಪಕ್ಕದ ಗೋಡೇನ ತಣ್ಣಗೆ ಮಾಡು" ಎಂದು ಹೇಳಿ ಮುಂದಿನ ಹುಡುಗನ ಬಳಿಗೆ ಹೋಗುತ್ತಿದ್ದರು. ವಿವರಣೆ ಕೇಳಿದರೆ ಕೊಡುತ್ತಿರಲಿಲ್ಲ. ಅವರ ಆ ಒಂದು ಮಾತನ್ನು ಅಗಿಯುತ್ತಲೇ ನನ್ನ ಎಷ್ಟೋ ಭಾನುವಾರಗಳು ಸುಖವಾಗಿ ಕಳೆದಿವೆ.

ಬಿಸಿಲು ಬಿದ್ದ ಗೋಡೆಗೂ ಪಕ್ಕದ ಬಾಗಿಲೊಳಗಿನ ಕತ್ತಲೆಗೂ ಲೋಕದಲ್ಲಿ ಇರುವ ಅಂತರ ಅಗಾಧ. ಚಿತ್ರಕಾರನ ಬಳಿ ಇರುವುದೋ ಕಾಗದದ ಬಿಳಿಯಿಂದ ಟ್ಯೂಬಿನ ಕಡುಬಣ್ಣದವರೆಗಿನ ಸಣ್ಣ ಹರವು. ಜಲವರ್ಣದಲ್ಲಂತೂ ಕಾಗದಕ್ಕಿಂತ ಬೆಳ್ಳಗಿನದು ಯಾವುದೂ ಇಲ್ಲ. ಇಷ್ಟರಲ್ಲೇ ಸೂರ್ಯನ ಜೊತೆ ಪೈಪೋಟಿಗೆ ಇಳಿಯುವುದು ವ್ಯರ್ಥ. ಆದರೆ ಕಣ್ಣಿಗೆ ಒಂದು ಸ್ವಭಾವವಿದೆ: ಅದು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ನೆರೆಯದರ ಜೊತೆ ತೂಗಿಯೇ ನೋಡುತ್ತದೆ. ಸುತ್ತಲೂ ತಂಪು ಬಣ್ಣ ಹರಡಿ ನಡುವೆ ಒಂದಿಷ್ಟು ಬಿಸಿ ಬಣ್ಣ ಬಿಟ್ಟರೆ ಆ ಬಿಸಿ ತಾನಾಗಿಯೇ ಉರಿಯತೊಡಗುತ್ತದೆ. ಮೊಸರನ್ನದ ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿಯ ಖಾರ ಏರುವ ಹಾಗೆ.

ಕೆಂಪು, ಕಿತ್ತಳೆ, ಹಳದಿ ಬಿಸಿ; ನೀಲಿ, ಹಸಿರು, ನೇರಳೆ ತಂಪು ಎಂದು ಪಠ್ಯಪುಸ್ತಕಗಳು ವರ್ಣಚಕ್ರವನ್ನು ಅರ್ಧಕ್ಕೆ ಸೀಳಿ ಪಾಲು ಮಾಡಿಕೊಟ್ಟಿವೆ. ಕುಂಚ ಹಿಡಿದ ಮೇಲೆ ಈ ಪಾಲುಪಟ್ಟಿ ನಿಲ್ಲುವುದಿಲ್ಲ. ಗ್ಯಾಂಬೋಜಿನ ಪಕ್ಕದಲ್ಲಿ ಲೆಮನ್ ಯೆಲ್ಲೋ ತಣ್ಣಗೆ ಕಾಣುತ್ತದೆ. ಕೆಂಪುಗಳಲ್ಲಿ ವರ್ಮಿಲಿಯನ್ ಪಕ್ಕದಲ್ಲಿ ಕ್ರಿಮ್ಸನ್ ಲೇಕ್ ಕೂಡ ಅಷ್ಟೆ. ಅಲ್ಟ್ರಾಮರೀನ್ ಮತ್ತು ಸೆರೂಲಿಯನ್, ಈ ಎರಡು ನೀಲಿಗಳಲ್ಲಿ ಯಾವುದು ಬಿಸಿ ಎಂಬ ಜಗಳ ಚಿತ್ರ ಬರೆಯುವವರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ತರಿಸಿದ ಕಾಫಿ ಆರಿದರೂ ವಾದ ಆರದಿದ್ದುದನ್ನು ನೋಡಿದ್ದೇನೆ. ನನ್ನ ಮಟ್ಟಿಗೆ ಅದು ವ್ಯರ್ಥ ವಾದ. ಪಕ್ಕದಲ್ಲಿ ಏನಿದೆ ಎಂದು ಕೇಳದೆ ಯಾವ ಬಣ್ಣದ ಜಾತಕವನ್ನೂ ಹೇಳಲು ಬರುವುದಿಲ್ಲ.

ಮೈಸೂರಿನವರಿಗೆ ಈ ವಿದ್ಯೆಯ ದೊಡ್ಡ ಪಾಠ ಊರಲ್ಲೇ ಇದೆ. ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಅಲ್ಲಿಗೆ ಹೋಗದವರೂ ಕ್ಯಾಲೆಂಡರಿನಲ್ಲೋ ನೆಂಟರ ಮನೆಯ ನಡುಮನೆಯಲ್ಲೋ ನೋಡಿಯೇ ಇರುತ್ತಾರೆ. ರವಿವರ್ಮನದು ಎಂದು ಜನ ಹೇಳಿಬಿಡುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು 1945–46ರ ಸುಮಾರಿಗೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್, ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಎಲ್ಲಕ್ಕಿಂತ ಬೆರಗಿನ ಸಂಗತಿ, ಇದು ತೈಲವರ್ಣವಲ್ಲ, ಜಲವರ್ಣ. ಒಮ್ಮೆ ಹಚ್ಚಿದ ಬಣ್ಣವನ್ನು ಹಿಂದಕ್ಕೆ ಪಡೆಯುವುದು ಬಲು ಕಷ್ಟವಾದ ಮಾಧ್ಯಮ.

ಅದರ ಮುಂದೆ ನಿಂತವರು ಹಿಂದೆ ಎಲ್ಲೋ ಬಲ್ಬು ಇಟ್ಟಿರಬೇಕು ಎಂದು ಪಿಸುಗುಟ್ಟುವುದನ್ನು ಕೇಳಿದ್ದೇನೆ. ಆದರೆ ಗಮನಿಸಿ ನೋಡಿ, ಚಿತ್ರದಲ್ಲಿ ಜ್ವಾಲೆಯನ್ನು ಆಕೆಯ ಅಂಗೈ ಮರೆಮಾಡಿದೆ. ದೀಪ ಉರಿಯುತ್ತಿದೆ ಎಂದು ನಮಗೆ ತಿಳಿಯುವುದು ಬೆರಳುಗಳ ಕೆಂಪಿನಿಂದ, ಕೆಳಗಿನಿಂದ ಬೆಳಗಿದ ಮುಖದಿಂದ. ಬೆಳಕು ಮಾಂಸವನ್ನು ಹಾಯ್ದು ಬರುವಾಗ ಕೆಂಪು ಮಾತ್ರ ಹೆಚ್ಚಾಗಿ ಉಳಿದು ಹೊರಬರುತ್ತದೆ. ಟಾರ್ಚಿಗೆ ಅಂಗೈ ಒತ್ತಿ ಹಿಡಿದ ಮಕ್ಕಳಿಗೆಲ್ಲ ಇದು ಗೊತ್ತು. ಹಲ್ದಂಕರ್ ತಮ್ಮ ಬಿಸಿಬಣ್ಣವನ್ನು ಖರ್ಚು ಮಾಡಿರುವುದು ಅಂಗೈಯಷ್ಟು ಜಾಗದಲ್ಲಿ, ಮುಖದ ಒಂದು ಭಾಗದಲ್ಲಿ. ಉಳಿದೆಡೆ ಬಣ್ಣ ತಗ್ಗುತ್ತದೆ, ತಣ್ಣಗಾಗುತ್ತದೆ. ಹಿಂದಿನ ಗೋಡೆ ಆಕೆಯ ನೆರಳನ್ನು ಹೊತ್ತು ಸುಮ್ಮನಿದೆ. ಎಲ್ಲರೂ ದೀಪ ನೋಡಿ ಬರುತ್ತಾರೆ. ನಾನು ಆ ಗೋಡೆ ನೋಡಲು ಹೋಗುತ್ತೇನೆ. ಚಿತ್ರದ ದೀಪಕ್ಕೆ ಎಣ್ಣೆ ಬರುವುದು ಅಲ್ಲಿಂದಲೇ.

ನೆರಳು ಎಂದರೆ ಕಪ್ಪು ಎಂಬ ನಂಬಿಕೆಯನ್ನು ಬಿಡಿಸಲು ಒಂದು ಸುಲಭ ಪ್ರಯೋಗವಿದೆ. ಮುಚ್ಚಂಜೆಯಲ್ಲಿ ಕರೆಂಟು ಹೋದಾಗ ಕಿಟಕಿಯ ಬಳಿ ಒಂದು ಬಿಳಿ ಹಾಳೆ ಇಟ್ಟು, ಕಿಟಕಿಗೆ ಎದುರಾಗಿ ಮೇಣದಬತ್ತಿ ಹಚ್ಚಿ, ನಡುವೆ ಒಂದು ಪೆನ್ಸಿಲ್ ನಿಲ್ಲಿಸಿ. ಹಾಳೆಯ ಮೇಲೆ ಎರಡು ನೆರಳು ಬೀಳುತ್ತವೆ. ಬತ್ತಿಯ ಬೆಳಕು ತಲುಪದ ನೆರಳಿನಲ್ಲಿ ಆಕಾಶದ ಬೆಳಕು ಮಾತ್ರ ಇರುತ್ತದೆ, ಅದು ಅಚ್ಚ ನೀಲಿಯಾಗಿ ಕಾಣುತ್ತದೆ. ಆಕಾಶದ ಬೆಳಕು ತಲುಪದ ನೆರಳು ಕಿತ್ತಳೆ. ಜರ್ಮನಿಯ ಕವಿ ಗಯಟೆ 1810ರಲ್ಲಿ ಹೊರತಂದ ತನ್ನ ಬಣ್ಣಗಳ ಗ್ರಂಥದಲ್ಲಿ ಇಂಥ ಬಣ್ಣದ ನೆರಳುಗಳನ್ನು ಬಹಳ ಪ್ರೀತಿಯಿಂದ ವರ್ಣಿಸಿದ್ದಾನೆ. ನ್ಯೂಟನ್ನನ ಜೊತೆ ಅವನು ತೆಗೆದ ಜಗಳದಲ್ಲಿ ಭೌತವಿಜ್ಞಾನ ಅವನ ಪಕ್ಷ ವಹಿಸಲಿಲ್ಲ, ಚಿತ್ರಕಾರರು ಮಾತ್ರ ಅವನ ಕೈಬಿಡಲಿಲ್ಲ.

ಇದೇ ಪ್ರಯೋಗವನ್ನು ಹಂಪಿಯಲ್ಲಿ ಸಂಜೆಯ ಸೂರ್ಯ ದಿನವೂ ದೊಡ್ಡದಾಗಿ ಮಾಡಿ ತೋರಿಸುತ್ತಾನೆ. ಇಳಿಬಿಸಿಲು ತಾಗಿದ ಮೈಯಲ್ಲಿ ಬಂಡೆ ಕಿತ್ತಳೆಯಾಗುತ್ತದೆ. ಸೂರ್ಯನಿಗೆ ಬೆನ್ನು ಹಾಕಿದ ಮಗ್ಗುಲಿಗೆ ಬೆಳಕು ಕೊಡುವುದು ನೀಲಿ ಆಕಾಶ, ಹಾಗಾಗಿ ಅದು ನೇರಳೆಗೆ ತಿರುಗುತ್ತದೆ. ಕಲ್ಲು ಒಂದೇ, ಬಣ್ಣ ಎರಡು. ಅಲ್ಲಿ ನೆರಳಿಗೆ ಕಪ್ಪು ಬಳಿದ ಚಿತ್ರಗಳಲ್ಲಿ ಬಂಡೆಗಳು ಸುಟ್ಟು ಕರಕಲಾದಂತಿರುತ್ತವೆ. ಹಾಗೆಂದು ನೆರಳೆಲ್ಲ ನೀಲಿ ಎಂಬುದೂ ಕಣ್ಣು ಮುಚ್ಚಿ ಪಾಲಿಸುವ ನೇಮವಲ್ಲ. ಮೋಡ ಕವಿದ ದಿನ, ಅಥವಾ ಉತ್ತರದ ಕಿಟಕಿಯಿಂದ ಬೆಳಕು ಬರುವ ಕೋಣೆಯಲ್ಲಿ, ಬೆಳಕೇ ತಂಪು. ಆಗ ನೆರಳು ಕಂದಿಗೆ, ಕೆಮ್ಮಣ್ಣಿಗೆ ವಾಲುತ್ತದೆ. ಕೂತು ನೋಡದೆ ಬರೆಯುವವರಿಗೆ ಮಾತ್ರ ಸೂತ್ರ ಬೇಕು.

ಅಲ್ಟ್ರಾಮರೀನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಬದಖ್ಶಾನದಿಂದ ಬರುತ್ತಿದ್ದ ನೀಲಿಕಲ್ಲನ್ನು ಅರೆದು ಅದನ್ನು ತಯಾರಿಸುತ್ತಿದ್ದರು. ಯುರೋಪಿನಲ್ಲಿ ಅದಕ್ಕೆ ಚಿನ್ನದ ಬೆಲೆ. ಫ್ರಾನ್ಸಿನ ಗಿಮೆ ಎಂಬಾತ ಕಾರ್ಖಾನೆಯಲ್ಲಿ ಅದನ್ನು ಮಾಡುವ ದಾರಿ ಕಂಡುಹಿಡಿದು 1828ರಲ್ಲಿ ಬಹುಮಾನ ಪಡೆದ. ಬೆಲೆ ಎಷ್ಟು ಇಳಿಯಿತೆಂದರೆ ಅದೇ ಪದಾರ್ಥ ಬಟ್ಟೆಗೆ ಹಾಕುವ ನೀಲಿಪುಡಿಯಾಗಿ ನಮ್ಮ ಅಮ್ಮಂದಿರ ಬಚ್ಚಲುಮನೆಗೂ ಬಂತು. ಒಗೆದೊಗೆದು ಹಳದಿಗಟ್ಟಿದ ಅಪ್ಪನ ಪಂಚೆಯನ್ನು ಅಮ್ಮ ಚಿಟಿಕೆ ನೀಲಿ ಕದಡಿದ ನೀರಲ್ಲಿ ಅದ್ದಿ ಹಿಂಡಿದರೆ ಅದು ಹೊಸ ಬಿಳುಪಿನಿಂದ ಹೊಳೆಯುತ್ತಿತ್ತು. ಲೆಕ್ಕ ಹಾಕಿದರೆ ನೀಲಿ ಹಾಕಿದ ಬಟ್ಟೆ ಮೊದಲಿಗಿಂತ ತುಸು ಕಡಿಮೆ ಬೆಳಕನ್ನೇ ಹಿಂದಿರುಗಿಸುತ್ತದೆ. ಆದರೂ ಕಣ್ಣಿಗೆ ಅದೇ ಹೆಚ್ಚು ಬೆಳ್ಳಗೆ. ಡ್ರಾಯಿಂಗ್ ಮೇಷ್ಟ್ರು ಹೇಳದೆ ಬಿಟ್ಟ ವಿವರಣೆ ಅಮ್ಮನ ಬಕೆಟ್ಟಿನಲ್ಲಿತ್ತು.

ನನ್ನ ಪೆಟ್ಟಿಗೆಯಲ್ಲಿ ಬೇಗ ಖಾಲಿಯಾಗುವುದು ಈ ಅಲ್ಟ್ರಾಮರೀನ್, ಜೊತೆಗೆ ಬರ್ಂಟ್ ಸಿಯೆನ್ನಾ ಎಂಬ ಕಂದು. ಎರಡನ್ನೂ ಕಲಸಿದರೆ ಬೂದು ಬಣ್ಣ ಬರುತ್ತದೆ, ಟ್ಯೂಬಿನಲ್ಲಿ ಸಿಗುವ ಸತ್ತ ಬೂದು ಅಲ್ಲ. ಒಂದು ಹನಿ ನೀಲಿ ಹೆಚ್ಚಾದರೆ ಮಳೆಮೋಡ, ಒಂದು ಹನಿ ಕಂದು ಹೆಚ್ಚಾದರೆ ಹಳೆಯ ಹೆಂಚು. ಒರಟು ಕಾಗದದ ಮೇಲೆ ಹರಿಯಬಿಟ್ಟರೆ ಅಲ್ಟ್ರಾಮರೀನಿನ ಕಣಗಳು ಕಾಗದದ ಸಣ್ಣ ತಗ್ಗುಗಳಲ್ಲಿ ಕೂತು, ಕಂದು ಸುತ್ತ ಹರಡಿಕೊಳ್ಳುತ್ತದೆ. ಬಿಸಿಯೂ ತಂಪೂ ಒಂದೇ ತೇವದಲ್ಲಿ ಹೀಗೆ ಕೂಡುತ್ತ ಅಗಲುತ್ತ ಒಣಗುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಅದಕ್ಕೆ ಚಿತ್ರ ಚೆನ್ನಾಗಿ ಬರಲೇಬೇಕೆಂದೇನೂ ಇಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ಕೂತಾಗ ನನ್ನ ಕ್ರಮ ಇಷ್ಟೆ. ಮೊದಲು ಇಡೀ ಕಾಗದಕ್ಕೆ ತೆಳುವಾಗಿ, ನೀರೇ ಜಾಸ್ತಿಯಾಗಿ, ಗ್ಯಾಂಬೋಜಿನ ಒಂದು ವಾಷ್. ಅದು ಪೂರ್ತಿ ಒಣಗಬೇಕು. ಆಷಾಢದಲ್ಲಾದರೆ ಅಷ್ಟರಲ್ಲಿ ಸೂರ್ಯ ಮುಳುಗಿಯೇ ಹೋಗಬಹುದು, ಅವಸರ ಮಾಡಿದರೆ ಎಲ್ಲ ಸೇರಿ ರಾಡಿ. ಆಮೇಲೆ ಬೆಳಕು ಬೇಕಾದ ಜಾಗವನ್ನು ಬಿಟ್ಟು ಉಳಿದುದರ ಮೇಲೆಲ್ಲ ನೀಲಿಬೂದು. ಕೆಳಗಿನ ಹಳದಿ ಮೇಲಿನ ತಂಪಿನೊಳಗಿಂದ ಇಣುಕಿ ಇಡೀ ಚಿತ್ರಕ್ಕೆ ಒಂದೇ ಹೊತ್ತಿನ ಹವೆ ಕೊಡುತ್ತದೆ. ನೀರಿನಲ್ಲಿ ಬಿದ್ದ ಬೆಳಕಿನ ಪಟ್ಟಿಗೆ ಆ ಮೊದಲ ವಾಷ್ ಬಿಟ್ಟರೆ ಕೊನೆಯವರೆಗೂ ಕುಂಚ ತಾಗಿಸುವುದಿಲ್ಲ. ಸುತ್ತಲಿನದು ತಣ್ಣಗಾಗುತ್ತ ಬಂದ ಹಾಗೆ ಮುಟ್ಟದೆ ಬಿಟ್ಟ ಆ ಪಟ್ಟಿ ತಾನೇ ಹೊತ್ತಿಕೊಳ್ಳುವ ಒಂದು ಗಳಿಗೆ ಇದೆ. ಅದನ್ನು ಕಂಡವರು ಈ ಚಟ ಬಿಡುವುದಿಲ್ಲ. ಜ್ವಾಲೆಯನ್ನೋ ಸೂರ್ಯನನ್ನೋ ಬರೆಯುವವರು ತಿಳಿದಿರಬೇಕಾದ ಇನ್ನೊಂದು ಗುಟ್ಟು: ಬೆಳಕಿನ ನಟ್ಟನಡುವೆ ಬಣ್ಣ ತೆಳುವಾಗಿರುತ್ತದೆ, ಅದರ ಅಂಚಿನಲ್ಲಿ, ಕತ್ತಲೆಗೆ ತಿರುಗುವ ಜಾಗದಲ್ಲಿ, ದಟ್ಟವಾಗಿರುತ್ತದೆ. ಆ ಅಂಚಿಗೆ ಒಂದು ಗೆರೆ ಕೆಂಗಿತ್ತಳೆ ಬಿದ್ದರೆ ನಡುವಿನ ಬರಿಯ ಕಾಗದವೂ ಉರಿಯುತ್ತದೆ.

ಈ ಆಟದಲ್ಲಿ ಎಲ್ಲರನ್ನೂ ಮೀರಿಸಿದವನು ಫ್ರೆಂಚ್ ಚಿತ್ರಕಾರ ಮೋನೆ. ಲ ಹಾವ್ರ್ ಬಂದರಿನ ಸೂರ್ಯೋದಯವನ್ನು ಆತ 1872ರಲ್ಲಿ ಬರೆದ. ಎರಡು ವರ್ಷದ ನಂತರ ಪ್ಯಾರಿಸಿನಲ್ಲಿ ಅದನ್ನು ನೋಡಿದ ವಿಮರ್ಶಕರೊಬ್ಬರು ಮಾಡಿದ ಗೇಲಿಯಿಂದಲೇ ಇಂಪ್ರೆಷನಿಸಂ ಎಂಬ ಚಿತ್ರಪಂಥದ ಹೆಸರು ಹುಟ್ಟಿತು. ಬೂದುನೀಲಿ ಮಂಜಿನ ನಡುವೆ ಒಂದು ಪುಟ್ಟ ಕಿತ್ತಳೆ ಸೂರ್ಯ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ಅಳೆದು ನೋಡಿ, ಆ ಸೂರ್ಯ ಸುತ್ತಲಿನ ಆಕಾಶಕ್ಕಿಂತ ಹೆಚ್ಚೇನೂ ಬೆಳಗಿಲ್ಲ, ಹೆಚ್ಚುಕಡಿಮೆ ಅಷ್ಟೇ ಎಂದು ತೋರಿಸಿದರು. ಚಿತ್ರವನ್ನು ಕಪ್ಪುಬಿಳುಪಿಗೆ ಇಳಿಸಿದರೆ ಸೂರ್ಯ ಮಾಯ! ಮಿದುಳಿನಲ್ಲಿ ಬಣ್ಣವನ್ನು ಅರಿಯುವ ಭಾಗಕ್ಕೆ ಕಾಣುವ ಸೂರ್ಯ, ಬೆಳಕಿನ ಏರಿಳಿತ ಮಾತ್ರ ಅರಿತು ವಸ್ತುವಿನ ನೆಲೆ ಗುರುತಿಸುವ ಭಾಗಕ್ಕೆ ಕಾಣುವುದೇ ಇಲ್ಲ. ಆದ್ದರಿಂದಲೇ ಅದು ನಿಂತಲ್ಲಿ ನಿಲ್ಲದೆ ಮಿಡಿಯುತ್ತದೆ ಎಂಬುದು ಅವರ ವಿವರಣೆ. ಮೋನೆಗೆ ಇದಾವುದೂ ಗೊತ್ತಿರಲಿಲ್ಲ. ಕಣ್ಣು ನೆಟ್ಟು ಕೂತಿದ್ದ, ಅಷ್ಟೆ.

ತಂಪನ್ನು ಬೂದುಬಣ್ಣಕ್ಕೆ ತಗ್ಗಿಸದೆಯೂ ಬೆಳಕು ತರಬಹುದು ಎಂಬುದಕ್ಕೆ ನಮ್ಮ ರುಮಾಲೆ ಚನ್ನಬಸವಯ್ಯ (1910–1988) ಸಾಕ್ಷಿ. ಸ್ವಾತಂತ್ರ್ಯ ಹೋರಾಟದಲ್ಲಿ ದುಡಿದ ಈ ದೊಡ್ಡಬಳ್ಳಾಪುರದ ಕಡೆಯವರು ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆಯೇ ಕೂತು ಬರೆದರು. ಬಣ್ಣಗಳನ್ನು ಪಳಗಿಸದೆ ಗೀಟುಗೀಟಾಗಿ ಅಕ್ಕಪಕ್ಕ ನಿಲ್ಲಿಸುವ ಧಾಟಿ ಅವರದು. ಅವರ ಗುಲ್‌ಮೊಹರ್‌ಗಳ ಮುಂದೆ ನಿಂತರೆ ಏಪ್ರಿಲ್ಲಿನ ಮಧ್ಯಾಹ್ನದ ಬಿಸಿ ಮುಖಕ್ಕೆ ಹೊಡೆಯುತ್ತದೆ. ಅಷ್ಟು ಧೈರ್ಯ ನನಗಿಲ್ಲ, ನಾನು ಬೂದುಬಣ್ಣದ ಪಕ್ಷದವನು. ಎಲ್ಲ ಬಣ್ಣವನ್ನೂ ಗರಿಷ್ಠಕ್ಕೆ ಏರಿಸಿ, ಆಕಾಶಕ್ಕೆ ಬೆಂಕಿ ಹಚ್ಚಿ ಮೊಬೈಲಿನಲ್ಲಿ ಕಳಿಸುವ ಸೂರ್ಯಾಸ್ತದ ಫೋಟೋಗಳಲ್ಲಿ ಮಾತ್ರ ನನಗೆ ಬೆಳಕು ಕಾಣುವುದಿಲ್ಲ. ಎಲ್ಲರೂ ಕೂಗುವ ಕಡೆ ಯಾರ ಮಾತೂ ಕೇಳಿಸದು.

ಹೊಸದಾಗಿ ಜಲವರ್ಣ ಶುರು ಮಾಡುವವರು ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಕೊಳ್ಳಬೇಡಿ. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ಗ್ಯಾಂಬೋಜ್ ಮೂರೇ ಸಾಕು; ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಕಾಗದ ಕೊಳ್ಳಿ. ರಾತ್ರಿ ಹಳದಿ ಬಲ್ಬಿನಡಿ ಬಣ್ಣ ಕಲಸಬೇಡಿ. ಈಗಾಗಲೇ ಡಬ್ಬಿ ಕೊಂಡಾಗಿದ್ದರೆ ಅದರಲ್ಲಿರುವ ಕಪ್ಪು ಟ್ಯೂಬನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಡಿ, ಮೀಸೆ ಬರೆದುಕೊಳ್ಳಲಿಕ್ಕಾದರೂ ಆದೀತು.